ಗೋಡೆಯೊಳಗಿನ ಅರವತ್ತು ವ್ಯಾಟ್

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದದ್ದು ವಾಸಿಯಾಗಿ ಅಲ್ಲ, ಸಾಕಾಗಿ. ಶ್ವಾಸಕೋಶ ಇನ್ನು ಚೇತರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವಳು ಹಟ ಹಿಡಿದಳು. ಇರುವಷ್ಟು ದಿನ ತನ್ನ ಮನೆಯಲ್ಲಿ ತನ್ನ ಮಂಚದ ಮೇಲೆ ಇರಬೇಕು, ಹೋಗುವುದಾದರೂ ಅಲ್ಲಿಂದಲೇ ಹೋಗಬೇಕು. ಡಾಕ್ಟರು ಒಂದು ಷರತ್ತು ಹಾಕಿ ಒಪ್ಪಿದರು: ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರ ಹಗಲೂ ರಾತ್ರಿ ಮಂಚದ ಪಕ್ಕದಲ್ಲಿ ಓಡುತ್ತಿರಬೇಕು. ಮೊಣಕಾಲೆತ್ತರದ, ಗಾಲಿಗಳ ಮೇಲೆ ನಿಂತ, ಒಂದೇ ಸಮನೆ ಗುರುಗುಡುವ ಯಂತ್ರ ಬಂತು. ಅಕ್ಕ ಅದಕ್ಕೆ ಮೊದಲ ದಿನವೇ ಸವತಿ ಎಂದು ಹೆಸರಿಟ್ಟಳು. ಗಂಡ ತನ್ನ ಮುಖಕ್ಕಿಂತ ಅದರ ಮುಖವನ್ನೇ ಹೆಚ್ಚು ನೋಡುತ್ತಾರೆ ಎಂಬುದು ಅವಳ ದೂರು.

ಸವತಿ ಮೊದಮೊದಲು ಚೆನ್ನಾಗಿಯೇ ಬಾಳಿದಳು. ಆಮೇಲೆ ಹೊತ್ತುಗೊತ್ತಿಲ್ಲದೆ ಕಿರುಚಿ, ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಡುವ ಚಾಳಿ ಶುರುವಾಯಿತು. ವೋಲ್ಟೇಜ್ ಸಾಲದು ಎಂಬುದು ಆ ಕಿರುಚಾಟದ ಅರ್ಥ. ಯಂತ್ರದ ಕಂಪನಿಯ ಹೆಂಗಸು ಬಂದು ಬೇರೆ ಯಂತ್ರ ತಂದಿಟ್ಟಳು, ಅದೂ ಕಿರುಚಿತು. ಸ್ಟೆಬಿಲೈಜರ್ ಜೋಡಿಸಿದಳು, ಅದೂ ಅರ್ಧ ದಿನ ಹೆಣಗಿ ಸೋತಿತು. ಕೊನೆಗೆ ಅವತ್ತು ಬೆಳಿಗ್ಗೆ ಆಮ್ಲಜನಕದ ಒಂದು ಸಣ್ಣ ಸಿಲಿಂಡರ್ ಇಟ್ಟು, ಇದು ಸಂಜೆಯವರೆಗೆ ಬರುತ್ತದೆ ಎಂದಳು. ಸಂಜೆ ತಾನು ಬಂದಾಗಲೂ ಕೋಣೆಯ ಕರೆಂಟು ಹೀಗೇ ಇದ್ದರೆ ಯಂತ್ರವನ್ನೂ ರೋಗಿಯನ್ನೂ ಒಟ್ಟಿಗೇ ಆಸ್ಪತ್ರೆಗೆ ಕಳಿಸದೆ ಗತಿಯಿಲ್ಲ, ಯಂತ್ರಕ್ಕೆ ತಕ್ಕ ಪ್ಲಗ್ಗು ಮನೆಯಲ್ಲಿ ಬೇರೆಲ್ಲೂ ಇಲ್ಲ, ಬೋರ್ಡಿನಿಂದ ಉದ್ದದ ವೈರು ಎಳೆದು ಓಡಿಸಲು ತನ್ನ ಕಂಪನಿ ಬಿಡುವುದಿಲ್ಲ. ಅವಳು ಇದನ್ನೆಲ್ಲ ಮೆತ್ತಗೇ ಹೇಳಿದಳು. ಆದರೆ ಈ ಸಲ ಆಸ್ಪತ್ರೆಗೆ ಹೋದರೆ ಅಕ್ಕ ತಿರುಗಿ ಬರುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕನ ತಮ್ಮ ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್. ಸುದ್ದಿ ಮುಟ್ಟುತ್ತಲೇ ರಜೆ ಹಾಕಿ, ಮೀಟರು, ಪ್ಲೇಯರು ಚೀಲಕ್ಕೆ ತುರುಕಿಕೊಂಡು ಬಂದ. ಬಾಗಿಲಲ್ಲೇ ಭಾವ ಎದುರಾದರು. ಭಾವ ಗಾರೆ ಕೆಲಸದವರು. ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ರಜಾದಿನಗಳಲ್ಲಿ ತಾವೇ ಕೂಡಿಸಿದವರು. ಆಗಿನ್ನೂ ಕೆಲಸ ಕಲಿಯುತ್ತಿದ್ದ ತಮ್ಮ ಇದಕ್ಕೆ ವೈರಿಂಗ್ ಮಾಡಿದ್ದ. ಗಾರೆಯವನು ಮೆತ್ತಿದ್ದನ್ನು ವೈರಿನವನು ಕೆತ್ತುತ್ತಾನೆ. ಅಲ್ಲಿಂದ ಶುರುವಾದ ಭಾವ ಭಾಮೈದರ ಜಟಾಪಟಿ ಇವತ್ತಿಗೂ ಮುಗಿದಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದಕ್ಕೆ ಅಕ್ಕ ಬೇರೆ ಊರಿನ ಉದಾಹರಣೆ ಹುಡುಕಬೇಕಾಗಿರಲಿಲ್ಲ.

"ಬಾರಪ್ಪ ಕರೆಂಟು," ಎಂದರು ಭಾವ. ಅದು ಅವರು ಭಾಮೈದನಿಗೆ ಇಟ್ಟ ಹೆಸರು. ಯಾವಾಗಲೂ ಅದರ ಹಿಂದೆ ಒಂದು ಕುಟುಕು ಬರುತ್ತಿತ್ತು. ಅವತ್ತು ಬರಲಿಲ್ಲ.

ಅಕ್ಕ ದಿಂಬಿಗೊರಗಿ ಕುಳಿತಿದ್ದಳು. ಮೂಗಿಗೆ ಸಿಲಿಂಡರಿನ ಸಣ್ಣ ಕೊಳವೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಮೂರು ಉಸಿರು ಬೇಕಾಗುತ್ತಿತ್ತು. ತಮ್ಮನನ್ನು ನೋಡಿ ನಕ್ಕು, ನನ್ನಿಂದ ನಿನ್ನ ಇವತ್ತಿನ ಸಂಬಳ ದಂಡ ಎಂದಳು. ಅವನು ನಗಲು ಹೋದ, ಆಗಲಿಲ್ಲ. ಚೀಲದ ಜಿಪ್ಪು ಎಳೆದು ಮೀಟರು ಹೊರತೆಗೆದ.

ಮೊದಲು ಮಂಚದ ಪಕ್ಕದ ಪ್ಲಗ್ಗಿಗೆ ಮೀಟರಿನ ಕಡ್ಡಿಗಳನ್ನು ಚುಚ್ಚಿ ನೋಡಿದ. ಇನ್ನೂರ ಹದಿನೆಂಟು ವೋಲ್ಟ್. ಬೀದಿಯಲ್ಲಿ ಬರುವುದೇ ಅಷ್ಟು, ಏನೂ ತೊಂದರೆಯಿಲ್ಲ. ಭಾವ ಹಿಂದೆ ನಿಂತು ಇಣುಕಿ, ಕಂಪನಿಯವಳಿಗೂ ಹೀಗೇ ಬಂತು, ಮನೆಯಲ್ಲಿ ಐಬಿಲ್ಲ, ಯಂತ್ರದಲ್ಲೇ ಐಬು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತೀರ್ಪು ಕೊಟ್ಟರು. ತಮ್ಮ ಬಗ್ಗಿ ಯಂತ್ರ ಚಾಲೂ ಮಾಡಿದ. ಸವತಿ ಗುರುಗುಟ್ಟಿದಳು. ಮೀಟರಿನ ಅಂಕಿ ಮೆಟ್ಟಿಲಿಳಿದು ನೂರ ಎಂಬತ್ತೆಂಟಕ್ಕೆ ನಿಂತಿತು. ಸ್ವಲ್ಪ ಹೊತ್ತಿಗೆ ಕೆಂಪು ದೀಪ, ಕಿರುಚಾಟ.

ನಡುಮನೆಯ ಮೇನ್ ಬೋರ್ಡಿಗೆ ಓಡಿ ನೋಡಿದರೆ ಅಲ್ಲಿ ಇನ್ನೂರ ಹದಿನೆಂಟು ಕದಲದೆ ಇತ್ತು. ಭಾವನನ್ನು ಯಂತ್ರದ ಸ್ವಿಚ್ಚಿನ ಹತ್ತಿರ ನಿಲ್ಲಿಸಿ ಮತ್ತೊಮ್ಮೆ ಹಾಕಿಸಿದರೂ ಬೋರ್ಡಿನ ಅಂಕಿ ಇಳಿಯಲಿಲ್ಲ. ಬೋರ್ಡಿನಿಂದ ಆ ಕೋಣೆಗೆ ಹೋಗುವ ವೈರನ್ನು ಇಕ್ಕಳದ ಬಾಯಿಯ ಮೀಟರಿನಿಂದ ಕಚ್ಚಿಸಿದ. ಎರಡು ಆಂಪಿಯರ್ ಹರಿಯುತ್ತಿತ್ತು. ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅಭ್ಯಾಸಬಲದಿಂದ ಗೋಡೆಯ ಮೇಲೆ ಬರೆಯಹೊರಟವನು ಭಾವನ ಮುಖ ನೆನಪಾಗಿ ಅಂಗೈ ಮೇಲೆ ಬರೆದುಕೊಂಡ. ಹೊರಟದ್ದು ಇನ್ನೂರ ಹದಿನೆಂಟು, ಮುಟ್ಟಿದ್ದು ನೂರ ಎಂಬತ್ತೆಂಟು, ದಾರಿಯಲ್ಲಿ ಕಳೆದದ್ದು ಮೂವತ್ತು ವೋಲ್ಟ್. ಮೂವತ್ತನ್ನು ಎರಡು ಆಂಪಿಯರಿನಿಂದ ಭಾಗಿಸಿದರೆ ಹದಿನೈದು ಓಮ್. ಈ ಪುಟ್ಟ ಮನೆಯ ತಾಮ್ರದ ವೈರಿನಲ್ಲಿ, ಹೋಗುವುದು ಬರುವುದು ಎರಡೂ ಸೇರಿ, ಅರ್ಧ ಓಮಿನ ಮೇಲೆ ಇರಬಾರದು. ಇನ್ನು ಮೂವತ್ತನ್ನು ಎರಡರಿಂದ ಗುಣಿಸಿದರೆ ಅರವತ್ತು ವ್ಯಾಟ್. ಅಂಗೈ ಮೇಲಿನ ಆ ಅರವತ್ತನ್ನು ಅವನು ಸ್ವಲ್ಪ ಹೊತ್ತು ಹಾಗೇ ನೋಡಿದ.

ಭಾವನಿಗೆ ಬಿಡಿಸಿ ಹೇಳಿದ. ಹೊಸ ಗೋಡೆಗೆ ನೀರು ಹೊಡೆಯುವ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತಿದ್ದಾರೆ ಅಂದುಕೊಳ್ಳಿ. ತುದಿ ಮುಚ್ಚಿ ಹಿಡಿದರೆ ನೀರಿನ ಒತ್ತಡ ಪೂರ್ತಿ ಇದ್ದ ಹಾಗೇ ಇರುತ್ತದೆ. ತುದಿ ಬಿಟ್ಟಾಗಲೇ ನೀರು ಸೊರಗುವುದು ಗೊತ್ತಾಗುವುದು. ಬರೀ ಪ್ಲಗ್ಗಿಗೆ ಮೀಟರು ಚುಚ್ಚಿದವರಿಗೆಲ್ಲ ಸರಿಯಿದೆ ಎಂದು ತೋರಿದ್ದು ಅದಕ್ಕೇ. ದೀಪ, ಫ್ಯಾನು ಎಳೆಯುವುದು ಚೂರುಪಾರು, ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಈ ಯಂತ್ರ ಎಳೆದಾಗ ಹುಳುಕು ಹೊರಬಿತ್ತು. ಭಾವನಿಗೆ ಪೈಪಿನ ಮಾತು ತಟ್ಟನೆ ಅರ್ಥವಾಯಿತು. ಅರವತ್ತು ವ್ಯಾಟ್ ಅಂದರೆ ಎಷ್ಟು ಎಂದು ಕೇಳಿದರು.

"ಹಳೇ ಕಾಲದ ಅರವತ್ತರ ಬಲ್ಬು ಉರಿಯೋವಾಗ ಮುಟ್ಟಿದೀರಲ್ಲ ಭಾವ? ಅಷ್ಟು ಶಾಖ. ಬೆಳಕಿಲ್ಲ, ಬರೀ ಶಾಖ. ಈ ಗೋಡೆ ಒಳಗೆ ಎಲ್ಲೋ ಒಂದ್ಕಡೆ."

ಭಾವ ಗೋಡೆಯ ಕಡೆ ನೋಡಲಿಲ್ಲ. ಕಾಲಬೆರಳು ನೋಡಿಕೊಂಡು ನಿಂತರು.

ಲೆಕ್ಕದ ಕಷ್ಟ ಇದೇ. ಎಷ್ಟು ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ತಮ್ಮ ಬೋರ್ಡು ಬಿಚ್ಚಿದ, ಪ್ಲಗ್ಗು ಬಿಚ್ಚಿದ, ಸ್ವಿಚ್ಚು ಬಿಚ್ಚಿದ. ಸ್ಕ್ರೂಗಳೆಲ್ಲ ಬಿಗಿಯಾಗಿದ್ದವು, ಎಲ್ಲೂ ಕಪ್ಪಾಗಿರಲಿಲ್ಲ. ಹಾಗಾದರೆ ನಡುವೆ ಒಂದು ಜಂಕ್ಷನ್ ಡಬ್ಬಿ ಇರಲೇಬೇಕು, ವೈರು ಕವಲೊಡೆಯುವ ಜಾಗದಲ್ಲಿ. ನಡುಮನೆಯಲ್ಲಿ ಇಲ್ಲ, ಕೋಣೆಯಲ್ಲಿ ಇಲ್ಲ. ತಾನೇ ಮಾಡಿದ ವೈರಿಂಗು, ಆದರೆ ಅದಾದ ಮೇಲೆ ಎಷ್ಟು ಮನೆ ಮಾಡಿದ್ದನೋ, ಅವನ ತಲೆಯಲ್ಲಿ ಎಲ್ಲ ಕಲಸುಮೇಲೋಗರ. ಡಬ್ಬಿ ಎಲ್ಲಿಟ್ಟೆವು ಎಂದು ಭಾವನನ್ನು ಕೇಳಿದ. ಡಬ್ಬಿಗಿಬ್ಬಿ ಏನೂ ಇಲ್ಲ ಎಂದರು ಭಾವ. ಅವರ ಗಿಲಾವಿನ ಗೋಡೆ ಕನ್ನಡಿಯ ಹಾಗೆ ನುಣ್ಣಗಿತ್ತು, ಹುಡುಕಲು ಒಂದು ಗೀಟು ಕೂಡ ಇರಲಿಲ್ಲ. ಅವನು ಅಂಗೈಯಿಂದ ಗೋಡೆ ಸವರುತ್ತ, ಅಕ್ಕ ಒರಗಿದ್ದ ಜಾಗವೊಂದನ್ನು ಬಿಟ್ಟು, ಮೂಲೆಯಿಂದ ಮೂಲೆಗೆ ನಡೆದ. ಮಧ್ಯಾಹ್ನ ದಾಟಿತು. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿಳಿದಿತ್ತು.

"ಏನೋ ಹುಡುಕ್ತಿದೀಯ?" ಎಂದಳು ಅಕ್ಕ.

ಬೆಚ್ಚಗಿರುವ ಜಾಗ ಎಂದ.

ಅಕ್ಕ ಉಸಿರು ಕೂಡಿಸಿಕೊಂಡಳು. ಹಿಂದಕ್ಕೆ ಕೈ ಚಾಚಿ ತನ್ನ ಭುಜದ ಹಿಂದಿನ ಗೋಡೆ ತೋರಿಸಿದಳು. "ಇಲ್ಲಿ. ಸವತಿ ಬಂದಾಗಿಂದ ಬೆಚ್ಚಗಿದೆ. ಬೆನ್ನಿಗೆ ಹಿತವಾಗಿತ್ತು ಕಣೋ. ಅದಕ್ಕೇ ಒರಗಿ ಕೂರ್ತಿದ್ದೆ."

ಭಾವ ಅದು ಬಿಸಿಲಿನ ಕಾವು ಎಂದರು. ಆ ಗೋಡೆಯ ಆಚೆ ಇರುವುದು ನಡುಮನೆ, ಅಲ್ಲಿಗೆ ಯಾವ ಬಿಸಿಲೂ ಬರುವುದಿಲ್ಲ. ತಮ್ಮ ಕೈಯಿಟ್ಟು ನೋಡಿದ. ಪರೀಕ್ಷೆಗೆ ಕೊನೆಯ ಸಲ ಹಾಕಿದ ಯಂತ್ರ ನಿಂತು ಸ್ವಲ್ಪ ಹೊತ್ತಾಗಿದ್ದರೂ ಗಿಲಾವು ಇನ್ನೂ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು. ಆಮ್ಲಜನಕ ಹರಿಯುವ ಕೋಣೆ, ಹತ್ತಿಯ ಹಾಸಿಗೆ, ಅದರ ಹಿಂದೆ ಬೇಯುತ್ತಿರುವ ವೈರು, ಅದಕ್ಕೆ ಬೆನ್ನು ಕೊಟ್ಟು ಇಷ್ಟು ದಿನ ಹಿತವಾಗಿದೆ ಎಂದು ಮಲಗಿದ್ದ ಅಕ್ಕ. ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿ ಬಂದ. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಎತ್ತುವಾಗ ಅವಳು ಎಷ್ಟು ಹಗುರಾಗಿದ್ದಾಳೆ ಎಂದು ಗೊತ್ತಾಗಿ ಅವನಿಗೆ ಅಳು ಬಂತು. ಮಂಚ ಎಳೆದ. ಉಳಿ ಸುತ್ತಿಗೆ ಕೊಡಿ ಎಂದು ತಿರುಗಿದರೆ ಭಾವ ಕೋಣೆಯಲ್ಲಿರಲಿಲ್ಲ.

ಹಿತ್ತಲಲ್ಲಿ, ತೊಳೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಗೋಡೆ ಒಡೆಯುವುದು ಬೇಡ ಎಂದರು. ಒಡೆದರೂ ಉಪಯೋಗವಿಲ್ಲ, ಸಂಜೆ ಅವರು ಬರಲಿ, ಕರೆದುಕೊಂಡು ಹೋಗಲಿ. ತಮ್ಮನ ತಾಳ್ಮೆ ಕಿತ್ತುಹೋಯಿತು. ಹೆಂಡತಿಗಿಂತ ನಿಮ್ಮ ಗಿಲಾವು ಹೆಚ್ಚಾಯಿತೇ, ನಿಮ್ಮ ಗಾರೆಗೆ ಬೆಂಕಿ ಬೀಳ ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಭಾವ ಎಲ್ಲವನ್ನೂ ಅನ್ನಿಸಿಕೊಂಡರು. ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ಕೊಡುತ್ತಿದ್ದ ಮನುಷ್ಯ.

"ಡಬ್ಬಿ ಇದೆ," ಎಂದರು ಕೊನೆಗೆ. "ಅಲ್ಲೇ ಇದೆ. ನಾನೇ ಮುಚ್ಚಿದ್ದು."

ಮನೆಗೆ ಬಂದ ಹೊಸದರಲ್ಲಿ ಅಕ್ಕ ಹೇಳಿದ್ದಳಂತೆ, ಮಲಗಿದರೆ ಆ ಗುಂಡು ಮುಚ್ಚಳ ಕಣ್ಣು ಬಿಟ್ಟುಕೊಂಡು ತನ್ನನ್ನೇ ನೋಡುತ್ತದೆ ಎಂದು. ಹೊಸ ಹೆಂಡತಿಯ ಮಾತು. ಅವಳು ತವರಿಗೆ ಹೋಗಿದ್ದಾಗ ಭಾವ ಮುಚ್ಚಳ ತೆಗೆದು, ಚೂರುಕಲ್ಲು ತುಂಬಿ, ಮೇಲೆ ಗಿಲಾವು ಹೊಡೆದು ಕರಣೆಯಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ್ದರು. ಅವಳು ಬಂದು ಗೋಡೆ ನೋಡಿ ಬೆರಗಾಗಿದ್ದಳು. ವೈರಿನ ಡಬ್ಬಿಗೆ ಗಾರೆ ಮೆತ್ತಬಾರದು ಎಂದು ಯಾವ ಗಾರೆಯವನಿಗೆ ಗೊತ್ತಿಲ್ಲ? ಗೊತ್ತಿದ್ದೇ ಮಾಡಿದ್ದು, ಹೆಂಡತಿಯನ್ನು ಮೆಚ್ಚಿಸಲು.

"ಬೆಳಿಗ್ಗೆಯಿಂದ ಗೋಡೆ ಸವರ್ತಿದೀನಿ ಭಾವ. ನೋಡ್ಕೊಂಡು ಸುಮ್ನೆ ನಿಂತಿದ್ರಲ್ಲ."

ಭಾವ ಎರಡೂ ಕೈಗಳಿಂದ ಮುಖ ತಿಕ್ಕಿಕೊಂಡರು. ಸುಣ್ಣ ಸಿಮೆಂಟು ತಿಂದು ಬಿರಿದ ದಪ್ಪ ಬೆರಳುಗಳು.

"ನಿಂಗೇನಪ್ಪ, ಸರಿ ಮಾಡ್ಬಿಟ್ಟು ಹೋಗ್ತೀಯ. ಆಮೇಲೆ ಇಲ್ಲಿ ನಾನೊಬ್ಬನೇ. ಒಂದಿನ ಅವಳು ಉಸಿರಿಗೆ ಒದ್ದಾಡ್ತಾಳೆ. ಆಗ ನಾನೇನು ಮಾಡ್ಲಿ? ಆಸ್ಪತ್ರೇಲಾದ್ರೆ ಯಾರಾದ್ರೂ ಇರ್ತಾರೆ. ನಂಗೆ ಹೆದ್ರಿಕೆ ಕಣೋ. ಅವಳ ಮುಂದೆ ಹೇಗೆ ಹೇಳ್ಲಿ ಇದನ್ನ?"

ತಮ್ಮ ಅದೇ ಕಲ್ಲಿನ ಅಂಚಿಗೆ ಕುಳಿತ. ಬೆಳಗಿನಿಂದ ಅವನು ಓಮ್, ವ್ಯಾಟ್ ಎಂದು ತಡಕಾಡುತ್ತಿದ್ದಾಗ ಈ ಮನುಷ್ಯ ಇದನ್ನು ಹೊತ್ತುಕೊಂಡು ಬೆನ್ನ ಹಿಂದೆ ನಿಂತಿದ್ದ. ಬೈದದ್ದಕ್ಕೆ ನಾಚಿಕೆಯಾಯಿತು. ದಿನಾ ಬಂದು ಹೋಗುತ್ತೇನೆ ಎಂದ. ಆದರೆ ಉಸಿರು ನಿಲ್ಲುವ ಹೊತ್ತು ಅವನ ಡ್ಯೂಟಿ ನೋಡಿಕೊಂಡು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಳಗಿನಿಂದ ಚಮಚದಿಂದ ಲೋಟ ಬಡಿದ ಸದ್ದು ಬಂತು. ಅಕ್ಕ ಕೂಗಲಾರದೆ ಕರೆಯುವ ರೀತಿ ಅದು. ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ ಎಂಬುದು ಇಬ್ಬರಿಗೂ ಆಗ ನೆನಪಾಯಿತು. ಭಾವ ಎದ್ದು ಒಳಗೆ ಹೋದರು. ತಮ್ಮ ಬಾಗಿಲ ಹೊರಗೇ ನಿಂತ.

ಅಕ್ಕ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಬರೀ ಉಸಿರಾಡಿದಳು. ಆಮೇಲೆ ತುಂಡು ತುಂಡಾಗಿ ಹೇಳಿದಳು. "ನಂಗೇನು ಹೆದ್ರಿಕೆ ಇಲ್ಲ ಅಂದ್ಕೊಂಡ್ರಾ? ಇದೆ. ಅಲ್ಲಿ ಡಾಕ್ಟರು ಇರ್ತಾರೆ, ನರ್ಸು ಇರ್ತಾರೆ. ಕೈ ಹಿಡ್ಕೊಳ್ಳೋಕೆ ಯಾರಿದ್ದಾರೆ? ನೀವೇನೂ ಮಾಡೋದು ಬೇಡ. ಪಕ್ಕದಲ್ಲಿ ಕೂತಿರಿ, ಅಷ್ಟೇ."

ಭಾವನ ಉತ್ತರ ಹೊರಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಹೊರಬಂದು, ಮೂಲೆಯ ಚೀಲದಿಂದ ಉಳಿ ಸುತ್ತಿಗೆ ತೆಗೆದುಕೊಂಡರು. ಭಾಮೈದ ಕೈ ಚಾಚಿದರೆ ಕೊಡಲಿಲ್ಲ. ನೀನು ಹೊಡೆದರೆ ಅರ್ಧ ಗೋಡೆ ಬೀಳಿಸುತ್ತೀಯ ಎಂದರು. ಬೆಳಗಿನಿಂದ ಅವರು ಆಡಿದ ಮೊದಲ ಕುಟುಕು ಅದು. ಅಕ್ಕನನ್ನು ಕುರ್ಚಿಸಮೇತ ನಡುಮನೆಗೆ ಸಾಗಿಸಿ, ಧೂಳು ಹೋಗದಂತೆ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ, ಮಂಡಿಯೂರಿ ಕುಳಿತರು. ಅಳೆಯಲಿಲ್ಲ, ಹುಡುಕಲಿಲ್ಲ. ಉಳಿಯ ತುದಿಯನ್ನು ನೇರ ಡಬ್ಬಿಯ ಅಂಚಿಗೇ ಇಟ್ಟು ಹೊಡೆದರು. ನುಣ್ಣನೆಯ ಗಿಲಾವು ಬಿಲ್ಲೆಬಿಲ್ಲೆಯಾಗಿ ಉದುರಿತು. ಭಾವ ಒಂದು ಬಿಲ್ಲೆಯನ್ನು ಎತ್ತಿ ಹೆಬ್ಬೆರಳಿನಿಂದ ಒರೆಸಿ ನೋಡಿ, ಪಕ್ಕಕ್ಕಿಟ್ಟು, ಮತ್ತೆ ಹೊಡೆದರು.

ಡಬ್ಬಿ ತೆರೆಯಿತು. ಒಳಗೆ ಟೇಪು ಕರಗಿ ಅಂಟಾಗಿತ್ತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ತಮ್ಮ ಒಂದು ಕೈಯಲ್ಲಿ ಟಾರ್ಚ್ ಹಿಡಿದು ಪ್ಲೇಯರಿನಿಂದ ಟೇಪು ಸುಲಿದ. ನೋಡಿ ನಿಮ್ಮ ಗಾರೆಯ ಕೆಲಸ ಎಂದು ಭಾವನಿಗೆ ತೋರಿಸಿ ಹೇಳಲು ಅವನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಅದು ಅಲ್ಲೇ ಉಳಿಯಿತು. ಎರಡು ವೈರುಗಳ ತುದಿಗಳನ್ನು ಬರಿಗೈಯಲ್ಲಿ ಒಂದೂವರೆ ಸುತ್ತು ಸುತ್ತಿ ಬಿಡಲಾಗಿತ್ತು. ಪ್ಲೇಯರಿನಿಂದ ಬಿಗಿದಿರಲಿಲ್ಲ, ಕನೆಕ್ಟರ್ ಹಾಕಿರಲಿಲ್ಲ. ಕೆಲಸ ಕಲಿಯುವವರು ಮಾಡುವ ಗಂಟು. ಎಡಗೈ ಸುತ್ತು, ಹೊರಗಿನಿಂದ ಒಳಕ್ಕೆ. ಈ ಮನೆಯ ವೈರು ಮುಟ್ಟಿದವರಲ್ಲಿ ಎಡಗೈಯವನು ಒಬ್ಬನೇ, ತಾನು. ಗಾರೆ ಮುಚ್ಚಿದ್ದಷ್ಟೇ, ಸುಟ್ಟದ್ದು ಇದು.

"ಇದು ನಂದೇ ಭಾವ," ಎಂದ.

ಭಾವ ಬಗ್ಗಿ ನೋಡಿದರು. "ಇಬ್ರೂ ಸೇರಿ ಮಾಡಿದ್ವಿ ಬಿಡು. ನೀನು ಸಡಿಲ ಬಿಟ್ಟೆ, ನಾನು ನುಣ್ಣಗೆ ಮುಚ್ಚಿದೆ." ಆಮೇಲೆ ಟಾರ್ಚನ್ನು ಅವನ ಕೈಯಿಂದ ತೆಗೆದುಕೊಂಡು ಹಿಡಿದರು. ಅವನಿಗೆ ಎರಡೂ ಕೈ ಬೇಕಾಗಿತ್ತು.

ಸುಟ್ಟದ್ದನ್ನು ಕತ್ತರಿಸಿ, ಹೊಸ ವೈರು ಸೇರಿಸಿ, ಕನೆಕ್ಟರಿನಲ್ಲಿ ಬಿಗಿದು, ಎಳೆದೆಳೆದು ನೋಡಿ, ಮೇನ್ ಏರಿಸಿದ. ಯಂತ್ರ ಹಾಕಿಸಿ ಪ್ಲಗ್ಗಿನಲ್ಲಿ ಅಳೆದರೆ ಇನ್ನೂರ ಹದಿನೇಳು. ದಾರಿಯಲ್ಲಿ ಕಳೆದದ್ದು ಒಂದೇ ವೋಲ್ಟು. ಭಾಗಾಕಾರ ಮಾಡುವ ಅಗತ್ಯವೇ ಇರಲಿಲ್ಲ, ಆದರೂ ಮಾಡಿದ. ಸಂಜೆ ಕಂಪನಿಯ ಹೆಂಗಸು ಬಂದು, ಯಂತ್ರವನ್ನು ಬಹಳ ಹೊತ್ತು ಓಡಿಸಿ ನೋಡಿ, ಖಾಲಿಯಾಗುತ್ತ ಬಂದಿದ್ದ ಸಿಲಿಂಡರನ್ನು ಬದಲಿಸಿಟ್ಟು ಹೊರಟಳು. ಹೋಗುವ ಮುಂಚೆ ಅಕ್ಕನ ಕಾಲು ಮುಚ್ಚುವಂತೆ ಹೊದಿಕೆ ಎಳೆದಳು. ಅಕ್ಕ ತನ್ನ ಮಂಚದ ಮೇಲೆ ಮಲಗಿದಳು.

ಆಮೇಲೆ ತಮ್ಮ ಭಾವನಿಗೆ ಪಾಠ ಹೇಳಿದ. ಕೆಂಪು ದೀಪ ಬಂದರೆ ಏನು, ಹಳದಿ ಬಂದರೆ ಏನು, ಕರೆಂಟು ಹೋದರೆ ಸಿಲಿಂಡರಿಗೆ ಕೊಳವೆ ಬದಲಿಸುವುದು ಹೇಗೆ, ಗಾಳಿಯನ್ನು ತೇವ ಮಾಡುವ ನೀರಿನ ಬಾಟಲಿ ತುಂಬುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು. ಭಾವ ಶಾಲೆಗೆ ಹೋದ ಮಗುವಿನಂತೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು. ಗೋಡೆಯ ತೂತಿಗೆ ಮುಚ್ಚಳ ಹಾಕಿದರೇ ಹೊರತು ಗಾರೆ ಮುಟ್ಟಿಸಲಿಲ್ಲ. ಆ ಮುಚ್ಚಳವೀಗ ನನ್ನನ್ನು ನೋಡಲಿ ಬಿಡಿ, ನೋಡುವವರು ಇನ್ನೊಬ್ಬರಾದರು ಎಂದಳು ಅಕ್ಕ.

ಅವಳು ಮಳೆಗಾಲ ಮುಗಿಯುವವರೆಗೆ ಇದ್ದಳು. ತಮ್ಮ ಮಾತು ಕೊಟ್ಟಂತೆ ಬಂದು ಹೋಗುತ್ತಿದ್ದ. ಬಂದಾಗಲೆಲ್ಲ ಭಾವ ಮಂಚದ ಪಕ್ಕದಲ್ಲೇ ಇರುತ್ತಿದ್ದರು. ದೂರದ ಕೆಲಸಗಳನ್ನೆಲ್ಲ ಬಿಟ್ಟು, ಬೀದಿಯ ತುದಿಯ ಚಿಲ್ಲರೆ ರಿಪೇರಿಗಳನ್ನಷ್ಟೇ ಹಿಡಿದು, ಮಧ್ಯಾಹ್ನಕ್ಕೇ ಕೈ ತೊಳೆದುಕೊಂಡು ಬಂದುಬಿಡುತ್ತಿದ್ದರು. ಸವತಿ ಒಮ್ಮೆಯೂ ಕಿರುಚಲಿಲ್ಲ.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಫೋನ್ ಬಂತು. ಬಾ ಎಂದರು ಭಾವ, ಅಷ್ಟೇ. ತಮ್ಮ ಓಡಿ ಬಂದಾಗ ಬಾಗಿಲು ತೆರೆದೇ ಇತ್ತು. ಯಂತ್ರದ ಗುರುಗುಡು ಕೇಳಿ ಅವನಿಗೆ ಒಂದು ಕ್ಷಣ ಆಸೆ ಹುಟ್ಟಿತು. ಕೋಣೆಗೆ ಬಂದ. ಹಸಿರು ದೀಪ ಉರಿಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿದ್ದಳು, ಮೂಗಿನಲ್ಲಿ ಕೊಳವೆ ಇನ್ನೂ ಇತ್ತು. ಅವಳ ಎದೆ ಏಳುತ್ತಿರಲಿಲ್ಲ. ಭಾವ ಪಕ್ಕದಲ್ಲಿ ಕುಳಿತಿದ್ದರು. ಅವಳ ಕೈ ಅವರ ಎರಡೂ ಕೈಗಳ ಒಳಗಿತ್ತು.

"ಹೆದ್ರಿಕೆ ಆಯ್ತು," ಎಂದರು ಭಾವ ತಲೆಯೆತ್ತದೆ. "ಆದ್ರೂ ಕೂತಿದ್ದೆ."

ತಮ್ಮ ಅವರ ಹೆಗಲ ಮೇಲೆ ಕೈಯಿಟ್ಟ. ಯಂತ್ರ ಯಾರಿಗೂ ಬೇಡದ ಗಾಳಿಯನ್ನು ಸೋಸುತ್ತಲೇ ಇತ್ತು. ಭಾವ ಅದರ ಕಡೆ ನೋಡಿದರು, ಆಮೇಲೆ ಭಾಮೈದನ ಕಡೆ.

"ಎಲ್ಲ ಹೇಳ್ಕೊಟ್ಟೆ ನೀನು. ಇದನ್ನ ಯಾವಾಗ ಆರಿಸ್ಬೇಕು ಅಂತ ಒಂದು ಹೇಳ್ಕೊಡ್ಲಿಲ್ಲ."

ಬೀದಿಬೀದಿಗಳ ಕರೆಂಟನ್ನೇ ಒಂದೇ ಏಟಿಗೆ ತೆಗೆದು ಹಾಕಿದ ಕೈ ಆ ಪುಟ್ಟ ಸ್ವಿಚ್ಚಿನವರೆಗೆ ಹೋಯಿತು, ಒತ್ತಲಾಗದೆ ಹಿಂದೆ ಬಂತು. ಅವನು ಮಂಚದ ಈಚೆ ಬದಿಗೆ ಬಂದು ಅಕ್ಕನ ಇನ್ನೊಂದು ಕೈ ಹಿಡಿದು ಕುಳಿತ. ಇಬ್ಬರೂ ಅದನ್ನು ಓಡಲು ಬಿಟ್ಟರು.